ಎರಡೂವರೆ ಅಡಿಯಿಂದ ನಾಲ್ಕಡಿ ಉಪ್ಪುನೀರಿನ ತೊಟ್ಟಿಗೆ: ಹಳೆಯ ಹೊಯ್ಗೆ (ಮರಳು) ಮತ್ತೆ ಹಾಕಬಹುದಾ?

ಮೊಗ್ರಾಲ್ ಕರೆ (ಕುಂಬಳೆ)

ಎಲ್ಲರಿಗೂ ನಮಸ್ಕಾರ. ಈಗ ಇರುವುದು 75×45×45 ಸೆಂ.ಮೀ. ತೊಟ್ಟಿ, ಮೂರು ವರ್ಷದಿಂದ ನಡೆಯುತ್ತಾ ಉಂಟು. ಅಡಿಯಲ್ಲಿ 4 ಸೆಂ.ಮೀ. ಅರಗೊನೈಟ್ (ಸುಣ್ಣದ ಅಂಶದ) ಹೊಯ್ಗೆ, ಕಣ ಸುಮಾರು 1 ಮಿ.ಮೀ. ಕಲ್ಲು 15 ಕಿಲೋ. ಮೀನುಗಳೆಂದರೆ ಒಂದು ಜೋಡಿ ಕ್ಲೌನ್, ಎರಡು ಡ್ಯಾಮ್ಸೆಲ್, ಒಂದು ವಾಚ್‌ಮನ್ ಗೋಬಿ, ಅದರ ಗುಳಿಯಲ್ಲೇ ಒಂದು ಪಿಸ್ಟಲ್ ಸೀಗಡಿ. ಹವಳ ಇಲ್ಲ.

ಹೊಸದು 120×60×60, 12 ಮಿ.ಮೀ. ಗಾಜು, ಕೆಳಗೆ 90×40×40 ಸಂಪ್ (ಫಿಲ್ಟರ್ ಇಡುವ ತೊಟ್ಟಿ). ಹಳೆಯ ಹೊಯ್ಗೆಯನ್ನೇ ಹಾಕಬೇಕೆಂದು ಆಸೆ. ತೊಳೆದರೆ ಅಮೋನಿಯ ಕಳೆಯುವ ಬ್ಯಾಕ್ಟೀರಿಯಾ ಸಾಯುತ್ತದೆ ಅಂತ ಕೆಲವರು, ತೊಳೆಯದಿದ್ದರೆ ಮೀನು ಸಾಯುತ್ತದೆ ಅಂತ ಕೆಲವರು. ಕಡಿಮೆ ಬೀಳುವ ಹೊಯ್ಗೆಗೆ ಕಡಪುರದ್ದು (ಸಮುದ್ರ ದಡದ್ದು) ಬೆರೆಸಬಹುದಾ? ಹಳೆಯ ನೀರು ಎಷ್ಟು ಉಳಿಸಿಕೊಳ್ಳಬೇಕು? ಮಳೆ ಹಿಡಿಯುವ ಮೊದಲು ಕೆಲಸ ಮುಗಿಸಬೇಕೆಂದು ಉಂಟು.

ಬೇಕಲದ ಉಪ್ಪುನೀರು

ಹಾಕಬಹುದು, ಚೆನ್ನಾಗಿ ತೊಳೆದು ಮಾತ್ರ. ಮೂರು ವರ್ಷದ ಹೊಯ್ಗೆಯಲ್ಲಿ ಮೇಲಿನ ಒಂದು ಸೆಂಟಿಮೀಟರ್ ಬಿಟ್ಟರೆ ಉಳಿದದ್ದರಲ್ಲಿ ಮೀನಿನ ಹಿಕ್ಕೆ, ತಿನ್ನದೆ ಉಳಿದ ಆಹಾರ, ಸತ್ತ ಪಾಚಿ ಎಲ್ಲ ಪುಡಿಯಾಗಿ ಕೂತಿರುತ್ತದೆ. ಆಮ್ಲಜನಕ ತಲುಪದ ಜಾಗದಲ್ಲಿ ಹೈಡ್ರೋಜನ್ ಸಲ್ಫೈಡ್ ಕೂಡ ಇರಬಹುದು. ಕಪ್ಪು ಪಟ್ಟಿ ಕಂಡರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದೇ. ಕದಡದೆ ಇರುವಷ್ಟು ದಿನ ಏನೂ ತೊಂದರೆಯಿಲ್ಲ. ಎತ್ತಿ ಹಾಗೆಯೇ ಹೊಸ ತೊಟ್ಟಿಗೆ ಸುರಿದರೆ ಅಷ್ಟೂ ಒಂದೇ ಸಲ ನೀರಿಗೆ ಬಿಟ್ಟು ಅಮೋನಿಯ ಏರುತ್ತದೆ. ಉಪ್ಪುನೀರಿನ ಪಿಎಚ್ 8.2ರ ಹತ್ತಿರ ಇರುವುದರಿಂದ ಅಮೋನಿಯದ ವಿಷಕಾರಿ ಪಾಲು ಸಿಹಿನೀರಿನಲ್ಲಿ ಇರುವುದಕ್ಕಿಂತ ಜಾಸ್ತಿ. ಹಾಗಾಗಿ ಇಲ್ಲಿ ಸ್ವಲ್ಪವೂ ಅಪಾಯವೇ.

ಮೀನು ಇರುವಾಗಲೇ, ಸ್ಥಳಾಂತರಕ್ಕೆ ಒಂದು ತಿಂಗಳು ಮೊದಲೇ ಹೊಯ್ಗೆ ತೆಗೆಯಲು ಶುರುಮಾಡಿ. ವಾರಕ್ಕೆ ಕಾಲು ಭಾಗ, ನೀರು ಬದಲಿಸುವ ದಿನ. 20 ಮಿ.ಮೀ. ಪೈಪನ್ನು ಸೈಫನ್ ಮಾಡಿ, ತುದಿಯನ್ನು ಗಾಜಿನ ತಳಕ್ಕೆ ಊರಿ, ಹೊಯ್ಗೆಯನ್ನು ನೀರಿನ ಜೊತೆಗೇ ಬಾಲ್ದಿಗೆ ಎಳೆಯಿರಿ. ಕೈಯಿಂದ ಅಥವಾ ಚಮಚದಿಂದ ಬಾಚಿದರೆ ಕೊಳೆ ತೊಟ್ಟಿಯಲ್ಲೇ ಹರಡುತ್ತದೆ, ಪೈಪಿನಲ್ಲಿ ಎಳೆದರೆ ಹೊಯ್ಗೆಯೊಂದಿಗೇ ಹೊರಗೆ ಬರುತ್ತದೆ. ಗೋಬಿಯ ಗುಳಿ ಇರುವ ಮೂಲೆಯನ್ನು ಕೊನೆಯ ದಿನಕ್ಕೆ ಬಿಡಿ, ಮೀನು ಸೀಗಡಿ ಎರಡನ್ನೂ ಹಿಡಿದ ಮೇಲಷ್ಟೇ ಅಲ್ಲಿ ಪೈಪ್ ಹಾಕಿ. ನಾಲ್ಕು ವಾರದಲ್ಲಿ ಕಲ್ಲಿನ ಬ್ಯಾಕ್ಟೀರಿಯಾ ಹೊಯ್ಗೆಯ ಪಾಲಿನ ಕೆಲಸವನ್ನೂ ವಹಿಸಿಕೊಂಡಿರುತ್ತದೆ.

ತೊಳೆಯುವಾಗ 20 ಲೀಟರ್ ಬಾಲ್ದಿಗೆ 4–5 ಕಿಲೋಗಿಂತ ಹೆಚ್ಚು ಹಾಕಬೇಡಿ. ಪೈಪಿನ ತುದಿ ತಳಕ್ಕೆ ಮುಟ್ಟಿಸಿ ನೀರು ಬಿಡಿ, ಇನ್ನೊಂದು ಕೈಯಲ್ಲಿ ಕಲಕಿ ಕಲಕಿ ಮೇಲಿನ ನೀರು ಚೆಲ್ಲಿ. ಮೊದಲು ಚಹಾದ ಬಣ್ಣದ ನೀರು ಬರುತ್ತದೆ, ಆಮೇಲೆ ಬೂದು, ಕೊನೆಗೆ ತೆಳು ಹಾಲಿನ ಹಾಗೆ. ಕೊನೆಯ ಬಿಳುಪು ಅರಗೊನೈಟ್‌ನದೇ ಪುಡಿ, ಅದಕ್ಕೆ ಹೆದರಬೇಕಿಲ್ಲ. ಕಂದು, ಬೂದು ಎರಡೂ ಪೂರ್ತಿ ಹೋಗಬೇಕು. ಪರೀಕ್ಷೆಗೆ ಒಂದು ಗ್ಲಾಸಿನಲ್ಲಿ ಎರಡು ಚಮಚ ಹೊಯ್ಗೆ, ಮೇಲೆ ನೀರು ಹಾಕಿ ಜೋರಾಗಿ ಕಲಕಿ ಅರ್ಧ ನಿಮಿಷ ಬಿಡಿ. ಗ್ಲಾಸಿನ ಹಿಂದೆ ಪೇಪರ್ ಹಿಡಿದರೆ ಅಕ್ಷರ ಓದಲಿಕ್ಕೆ ಆಗಬೇಕು.

ತೊಳೆದ ಹೊಯ್ಗೆಯನ್ನು ಒದ್ದೆಯಾಗಿ ಮುಚ್ಚಳ ಹಾಕಿ ಇಡಲೇಬೇಡಿ, ಉಳಿದ ಅಲ್ಪಸ್ವಲ್ಪ ಜೀವಾಂಶವೂ ಒಳಗೇ ಕೊಳೆಯುತ್ತದೆ. ಟಾರ್ಪಾಲಿನ ಮೇಲೆ ತೆಳ್ಳಗೆ ಹರಡಿ, ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ. ಈ ಕಾರಣಕ್ಕೇ ಮಳೆಗೆ ಮೊದಲು ಮಾಡುವುದು ಒಳ್ಳೆಯದು. ಜೂನ್ ಹಿಡಿದ ಮೇಲೆ ನಮ್ಮ ಕಡೆ ಒಣಗುವ ಮಾತೇ ಇಲ್ಲ.

ಚಂದ್ರಗಿರಿ ತಟ

ಸಿಹಿನೀರಲ್ಲಿ ತೊಳೆಯುವುದಕ್ಕೆ ನನ್ನ ಸಮ್ಮತಿ ಇಲ್ಲ ಮಾರಾಯ್ರೆ. ಹೊಯ್ಗೆಯಲ್ಲಿ ಬರೀ ಬ್ಯಾಕ್ಟೀರಿಯಾ ಅಲ್ಲ, ಸಣ್ಣ ಹುಳು, ಕೋಪೆಪಾಡ್, ನಸ್ಸಾರಿಯಸ್ ಬಸವನಹುಳು ಎಲ್ಲ ಇರುತ್ತವೆ. ತೊಟ್ಟಿಯಿಂದ ತೆಗೆದ ಉಪ್ಪುನೀರಿನಲ್ಲೇ ನಾಲ್ಕೈದು ಸಲ ಜಾಲಾಡಿದರೆ ಕೊಳೆಯೂ ಹೋಗುತ್ತದೆ, ಜೀವವೂ ಉಳಿಯುತ್ತದೆ.

ಬೇಕಲದ ಉಪ್ಪುನೀರು

ಒಂದು ವರ್ಷದೊಳಗಿನ ತೆಳು ಹೊಯ್ಗೆಗೆ ನಿಮ್ಮ ಕ್ರಮ ಸಾಕು. ಮೂರು ವರ್ಷದ್ದಕ್ಕೆ ಸಾಲದು. 20 ಕಿಲೋ ಹೊಯ್ಗೆ ತಿಳಿಯಾಗಬೇಕಾದರೆ ನೂರಾರು ಲೀಟರ್ ನೀರು ಹರಿಯಬೇಕು, ಅಷ್ಟು ಉಪ್ಪುನೀರು ಯಾರಲ್ಲೂ ಇರುವುದಿಲ್ಲ. ಅರ್ಧಂಬರ್ಧ ತೊಳೆದದ್ದು ತೊಳೆಯದ್ದಕ್ಕಿಂತ ಕಡೆ: ಕದಡಿ ಆಗಿರುತ್ತದೆ, ಕೊಳೆ ಮಾತ್ರ ಒಳಗೇ ಉಳಿದಿರುತ್ತದೆ. ಜೀವ ಉಳಿಸಲು ಬೇರೆ ದಾರಿ ಉಂಟು. ಮೇಲಿನ ಒಂದು ಸೆಂ.ಮೀ. ಪದರದಿಂದ ಎರಡು ಲೋಟದಷ್ಟು ಮೊದಲೇ ತೆಗೆದು, ಉಪ್ಪುನೀರಿನಲ್ಲಿ ಒಂದೆರಡು ಸಲ ಜಾಲಾಡಿ, ಬಲೆ ಚೀಲದಲ್ಲಿ ಹಾಕಿ ಈಗಿನ ತೊಟ್ಟಿಯಲ್ಲಿ ನೀರು ಹರಿಯುವ ಕಡೆ ನೇತುಹಾಕಿ. ಸ್ಥಳಾಂತರದ ದಿನ ಹೊಸ ಹೊಯ್ಗೆಯ ಮೇಲೆ ಉದುರಿಸಿ. ಹುಳುಗಳು ಅಲ್ಲಿಂದಲೇ ಹಬ್ಬುತ್ತವೆ. ಬಸವನಹುಳುಗಳನ್ನು ಕೈಯಲ್ಲೇ ಹೆಕ್ಕಿ.

ಇನ್ನು ಲೆಕ್ಕ. 75×45×4 ಅಂದರೆ 13.5 ಲೀಟರ್, ಸುಮಾರು 20 ಕಿಲೋ. 120×60 ತಳಕ್ಕೆ ಅಷ್ಟನ್ನು ಹರಡಿದರೆ 2 ಸೆಂ.ಮೀ. ಕೂಡ ಬರುವುದಿಲ್ಲ. ಗುಳಿ ತೋಡುವ ಗೋಬಿ, ಸೀಗಡಿ ಇರುವುದರಿಂದ 4 ಸೆಂ.ಮೀ. ಬೇಕು, ಅಂದರೆ 29 ಲೀಟರ್. ತೊಳೆಯುವಾಗ ಹೋಗುವುದನ್ನೂ ಹಿಡಿದು 25 ಕಿಲೋ ಹೊಸ ಅರಗೊನೈಟ್ ತನ್ನಿ. ಅದೇ ಅಳತೆಯ ಕಣವೇ ಇರಲಿ, ಸಕ್ಕರೆಯಂಥ ನುಣುಪಿನದು ವೇವ್‌ಮೇಕರ್ (ಅಲೆ ಎಬ್ಬಿಸುವ ಪಂಪ್) ತಳ್ಳಿದಾಗ ಗಾಳಿಗೆ ಹಾರಿದ ಹಾಗೆ ಮೂಲೆಗೆ ಗುಡ್ಡೆ ಬೀಳುತ್ತದೆ. ಚಂದಕ್ಕೆಂದು 7–8 ಸೆಂ.ಮೀ. ಏರಿಸುವುದು ಬೇಡ. ಸೈಫನ್‌ಗೆ ಸಿಗದಷ್ಟು ದಪ್ಪ, ತಳದಲ್ಲಿ ನೈಟ್ರೇಟ್ ಕಳೆಯುವಷ್ಟು ಆಳವೂ ಅಲ್ಲ.

ಕಡಪುರದ ಹೊಯ್ಗೆ ಬೇಡವೇ ಬೇಡ. ಒಂದು ಚಿಟಿಕೆಗೆ ವಿನೆಗರ್ ಹಾಕಿ ನೋಡಿ, ಚಿಪ್ಪಿನ ಚೂರು ಇದ್ದಲ್ಲಿ ಮಾತ್ರ ಗುಳ್ಳೆ ಬರುತ್ತದೆ. ಉಳಿದದ್ದು ಸ್ಫಟಿಕದ ಕಣ, ನಡುವೆ ಅಯಸ್ಕಾಂತಕ್ಕೆ ಅಂಟುವ ಕಪ್ಪು ಕಣ. ಪಿಎಚ್ ಕಾಯಲು ಅದರಿಂದ ಏನೂ ಉಪಕಾರವಿಲ್ಲ. ಅಲ್ಲದೆ ಕರಾವಳಿ ನಿಯಂತ್ರಣ ವಲಯದಲ್ಲಿ ಹೊಯ್ಗೆ ತೆಗೆಯುವುದಕ್ಕೆ ಕಾನೂನಿನ ಕಟ್ಟುಪಾಡು ಉಂಟು. ಸಮುದ್ರದಿಂದ ಬಂದ ಹವಳದ ಕಲ್ಲನ್ನೂ ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ, ಬಂಡೆ ಕಟ್ಟುವ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಒಂದನೇ ಅನುಸೂಚಿಯಲ್ಲಿ ಉಂಟು. ಬೇಕಾದ ಇನ್ನೊಂದು 15 ಕಿಲೋ ಕಲ್ಲಿಗೆ ತಯಾರಿಸಿದ ಒಣ ಕಲ್ಲೇ ಸಾಕು.

ಒಂದು ಪ್ರಶ್ನೆ: ಆ ತೊಟ್ಟಿಗೆ ಯಾವಾಗಲಾದರೂ ತಾಮ್ರದ ಔಷಧಿ ಹಾಕಿದ್ದುಂಟಾ? ಅರಗೊನೈಟ್ ತಾಮ್ರವನ್ನು ಹಿಡಿದಿಟ್ಟುಕೊಂಡು ಆಮೇಲೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಸೀಗಡಿಗೆ ಅದು ಆಗುವುದಿಲ್ಲ, ಎಷ್ಟು ತೊಳೆದರೂ ಹೋಗುವುದೂ ಇಲ್ಲ.

ಮೊಗ್ರಾಲ್ ಕರೆ (ಕುಂಬಳೆ)

ಇಲ್ಲ ಅಣ್ಣ, ಔಷಧಿ ಎಲ್ಲ ಬೇರೆ ತೊಟ್ಟಿಯಲ್ಲೇ. ತೊಳೆಯಲಿಕ್ಕೆ ಬಾವಿ ನೀರು ಆಗಬಹುದಾ? ಉಪ್ಪು ಬೆರೆಸಲು ಅಡುಗೆಮನೆಯ ಆರ್‌ಒ ನೀರು ಸಾಕಾಗಬಹುದಾ?

ಉಪ್ಪಳ ಸಂಪ್

ನೀರಿನ ವಿಷಯ ನಾನು ಹೇಳುತ್ತೇನೆ. ತೊಳೆಯಲು ಬಾವಿ ನೀರು ಧಾರಾಳ ಆಗುತ್ತದೆ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ವಾರವಾದರೂ ಅಡ್ಡಿಯಿಲ್ಲ, ಒಣಗಿಸುತ್ತೀರಲ್ಲ. ಕೆಂಪುಕಲ್ಲಿನ ಬಾವಿಯಲ್ಲಿ ಕಬ್ಬಿಣದ ಅಂಶ ಇದ್ದರೆ ಕೊನೆಯ ಒಂದು ತೊಳೆತ ಮಾತ್ರ ಆರ್‌ಒ ನೀರಿನಲ್ಲಿ ಮಾಡಿ.

ಅಡುಗೆಮನೆಯ ಆರ್‌ಒದಲ್ಲಿ ಒಂದು ವಿಷಯ ನೋಡಬೇಕು. ಕುಡಿಯುವ ರುಚಿಗೆಂದು ಹೆಚ್ಚಿನವುಗಳಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣ) ಕಂಟ್ರೋಲರ್ ಅಥವಾ ಮಿನರಲ್ ಕಾರ್ಟ್ರಿಜ್ ಇರುತ್ತದೆ. ಕಂಟ್ರೋಲರ್ ಸ್ವಲ್ಪ ಕಚ್ಚಾ ನೀರನ್ನೇ ಬೆರೆಸುತ್ತದೆ, ಕಾರ್ಟ್ರಿಜ್ ಲವಣ ಸೇರಿಸುತ್ತದೆ. ಮೆಂಬ್ರೇನ್‌ನಿಂದ ಹೊರಬರುವ ಪೈಪಿನಿಂದಲೇ ನೀರು ಹಿಡಿದು, ಉಳಿದ ಲವಣ ತೆಗೆಯುವ ಡಿಐ ರೆಸಿನ್ ಮೂಲಕ ಹಾಯಿಸಿ, ಟಿಡಿಎಸ್ ಮೀಟರಿನಲ್ಲಿ 0 ತೋರಿಸಬೇಕು.

ಹೊಸ ತೊಟ್ಟಿಯಲ್ಲಿ 55 ಸೆಂ.ಮೀ. ನೀರು ಹಿಡಿದು ಕಲ್ಲು, ಹೊಯ್ಗೆ ಕಳೆದರೆ 360 ಲೀಟರ್ ಆಸುಪಾಸು, ಸಂಪಿನಲ್ಲಿ 25 ಸೆಂ.ಮೀ.ಗೆ 90. ಒಟ್ಟು 450. ಹಳೆಯ ನೀರು 100 ಲೀಟರ್ ಸಾಕು, ಅದೂ ಮೇಲಿನ ತಿಳಿ ನೀರು. ನೀರಿನಲ್ಲಿ ತೇಲುವ ಬ್ಯಾಕ್ಟೀರಿಯಾ ಲೆಕ್ಕಕ್ಕೆ ಬರುವಷ್ಟಿಲ್ಲ, ಉಪ್ಪಿನ ಖರ್ಚು ಉಳಿಯುತ್ತದೆ ಅಷ್ಟೆ. ಉಳಿದ 350 ಲೀಟರಿಗೆ, ಲೀಟರಿಗೆ 37 ಗ್ರಾಂ ಹಿಡಿದರೆ, 13 ಕಿಲೋ ಉಪ್ಪು. ಅದರ ಮೇಲೆ ತುರ್ತಿಗೆ 100 ಲೀಟರ್ ಬೆರೆಸಿ ಇಡಲು ಇನ್ನೂ 4 ಕಿಲೋ ತನ್ನಿ. ಯಾವಾಗಲೂ ನೀರಿಗೆ ಉಪ್ಪು ಹಾಕಿ, ಉಪ್ಪಿನ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಬಿಳಿಯಾಗಿ ಒಡೆದು ತಳಕ್ಕೆ ಕೂರುತ್ತದೆ. ಪಂಪ್ ಬಿಟ್ಟು ಒಂದು ದಿನ ತಿರುಗಲಿ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರನ್ನು 35 ಪಿಪಿಟಿ (ಸಾವಿರಕ್ಕೆ 35 ಪಾಲು ಉಪ್ಪು) ದ್ರಾವಣದಲ್ಲಿ ಸರಿಹೊಂದಿಸಿ, ಆಮೇಲೆ ಅಳೆಯಿರಿ. ಹಳೆಯ ತೊಟ್ಟಿಯ ಲವಣಾಂಶ ಎಷ್ಟಿದೆಯೋ ಹೊಸದರಲ್ಲೂ ಅಷ್ಟೇ ಇರಬೇಕು.

ಸಮುದ್ರದ ನೀರು ತರುವ ಯೋಚನೆ ಇದ್ದರೆ ಬೇಸಗೆಯಲ್ಲೇ ತರಬೇಕು, ಅಳಿವೆಯಿಂದ ದೂರ, ಏರುಬ್ಬರದ ಹೊತ್ತಿಗೆ. ಮಳೆಗಾಲದಲ್ಲಿ ಚಂದ್ರಗಿರಿ, ಮೊಗ್ರಾಲ್, ಶಿರಿಯ ಎಲ್ಲ ಹೊಳೆಗಳೂ ಕೆಂಪು ನೀರು ತಂದು ಸುರಿಯುತ್ತವೆ, ದಡದ ಹತ್ತಿರ ಉಪ್ಪೇ ಇಳಿದಿರುತ್ತದೆ.

ಸಂಪ್ ಬಗ್ಗೆ ಒಂದು ಲೆಕ್ಕ ಮರೆಯಬೇಡಿ. ಕರೆಂಟು ಹೋದಾಗ ಮೇಲಿನ ತೊಟ್ಟಿಯ ನೀರು 1 ಸೆಂ.ಮೀ. ಇಳಿದರೆ 7.2 ಲೀಟರ್ ಕೆಳಗೆ ಬರುತ್ತದೆ, ಸಂಪಿನಲ್ಲಿ ಅದು 2 ಸೆಂ.ಮೀ. ಏರಿಕೆ. ರಿಟರ್ನ್ ಪೈಪಿನ (ಸಂಪಿನಿಂದ ನೀರು ಮೇಲೆ ತರುವ ಪೈಪ್) ಬಾಯಿ ನೀರಿನಿಂದ 3 ಸೆಂ.ಮೀ. ಕೆಳಗಿದ್ದರೆ 6 ಸೆಂ.ಮೀ. ಏರುತ್ತದೆ. 25ಕ್ಕೆ 6 ಸೇರಿ 31, ಪೈಪಿನಲ್ಲಿದ್ದದ್ದೂ ಸೇರಿದರೆ ಇನ್ನೂ ಸ್ವಲ್ಪ, 40ರ ಸಂಪಿಗೆ ಅಪಾಯವಿಲ್ಲ. ಬಾಯಿಯನ್ನು 8 ಸೆಂ.ಮೀ. ಕೆಳಗಿಟ್ಟರೆ ನೆಲಕ್ಕೇ ಚೆಲ್ಲುತ್ತದೆ. ನೀರು ಹಿಂದಕ್ಕೆ ಬಾರದಂತೆ ತಡೆಯುವ ಚೆಕ್ ವಾಲ್ವ್‌ನಲ್ಲಿ ಒಂದು ಚಿಪ್ಪಿನ ಚೂರು ಸಿಕ್ಕರೂ ಅದು ಮುಚ್ಚುವುದಿಲ್ಲ, ಅದನ್ನು ನಂಬಿ ಕೂರಬೇಡಿ. ಹೊಯ್ಗೆ ಹಾಕುವ ಮೊದಲು ಬರೀ ನೀರು ತುಂಬಿಸಿ, ಸ್ವಿಚ್ ಆಫ್ ಮಾಡಿ ಎಷ್ಟು ಏರುತ್ತದೆ ನೋಡಿ, ಸಂಪಿನ ಗಾಜಿಗೆ ಗುರುತು ಹಾಕಿ.

ಎಲ್ಲ ಸೇರಿ 700 ಕಿಲೋ ಹತ್ತಿರ ಬರುತ್ತದೆ. ನೆಲಮಹಡಿಯಾದರೆ ಚಿಂತೆಯಿಲ್ಲ, ಮಾಳಿಗೆಯಾದರೆ ಬೀಮಿನ ಮೇಲೆ, ಗೋಡೆಗೆ ಒತ್ತಿ. ಸ್ಟ್ಯಾಂಡನ್ನು ರಸಮಟ್ಟದಿಂದ ಎರಡೂ ದಿಕ್ಕಿಗೆ ನೋಡಿ.

ಚಂದ್ರಗಿರಿ ತಟ

ಲೋಟದ ಉಪಾಯ ಒಪ್ಪಿದೆ. ಸ್ಥಳಾಂತರದ ದಿನದ ಕ್ರಮ ಸೇರಿಸುತ್ತೇನೆ. ಕಲ್ಲು ಮೊದಲು, ನೇರವಾಗಿ ಗಾಜಿನ ಮೇಲೆ. ಹೊಯ್ಗೆ ಆಮೇಲೆ, ಕಲ್ಲಿನ ಸುತ್ತ. ಹೊಯ್ಗೆಯ ಮೇಲೆ ಕಲ್ಲಿಟ್ಟರೆ ನಿಮ್ಮ ಪಿಸ್ಟಲ್ ಸೀಗಡಿ ಅಡಿಯಿಂದ ತೋಡಿ ಕಲ್ಲನ್ನೇ ಉರುಳಿಸುತ್ತದೆ. ಒಣ ಕಲ್ಲು, ಹೊಯ್ಗೆ, ಹೊಸ ನೀರು ಹಿಂದಿನ ದಿನವೇ ಹಾಕಿ, ಪಂಪ್ ಓಡಿಸಿ ತಿಳಿಯಾಗಲಿಕ್ಕೆ ಬಿಡಿ. ಹಳೆಯ ಕಲ್ಲಿಗೆ ಗಾಜು ಕಾಣುವ ಜಾಗ ಬಿಟ್ಟಿರಿ. ನೀರು ತುಂಬಿಸುವಾಗ ಹೊಯ್ಗೆಯ ಮೇಲೆ ಒಂದು ಊಟದ ತಟ್ಟೆ ಇಟ್ಟು ಅದರ ಮೇಲೆ ಬೀಳಿಸಿ.

ಮರುದಿನ ಮೊದಲು 100 ಲೀಟರ್ ತಿಳಿ ನೀರು ತೆಗೆದಿಡಿ. ಹಳೆಯ ಕಲ್ಲುಗಳನ್ನು ಅದೇ ತೊಟ್ಟಿಯ ನೀರಿನ ಬಾಲ್ದಿಯಲ್ಲಿ ಜಾಲಾಡಿ, ಒಣಗಲು ಬಿಡದೆ ತಕ್ಷಣ ಹೊಸದಕ್ಕೆ ದಾಟಿಸಿ. ಮೀನು ಕೊನೆಗೆ. ಕಲ್ಲು ತೆಗೆದರೆ ಹಿಡಿಯುವುದು ಸುಲಭ. ಲವಣಾಂಶ, ಉಷ್ಣಾಂಶ ಎರಡೂ ಹೊಂದಿದ್ದರೆ ಗಂಟೆಗಟ್ಟಲೆ ಹನಿ ಹನಿ ನೀರು ಬಿಟ್ಟು ಮೀನನ್ನು ಒಗ್ಗಿಸುವುದು ಬೇಕಿಲ್ಲ.

ಆಮೇಲೆ ಒಂದು ವಾರ ದಿನಾಲೂ ಅಮೋನಿಯ, ನೈಟ್ರೈಟ್ ನೋಡಿ. ಅಮೋನಿಯ 0.25 ಪಿಪಿಎಂ ಮುಟ್ಟಿದರೆ ತುರ್ತಿಗೆಂದು ಬೆರೆಸಿ ಇಟ್ಟ 100 ಲೀಟರ್ ಹೊಸ ನೀರು ಹಾಕಿ ಬದಲಿಸಿ. ಆಹಾರ ದಿನ ಬಿಟ್ಟು ದಿನ, ಚಿಟಿಕೆಯಷ್ಟು. ತೊಟ್ಟಿ ದೊಡ್ಡದಾಯಿತೆಂದು ಕೂಡಲೇ ಹೊಸ ಮೀನು ತರಬೇಡಿ, ಕಲ್ಲಿನಲ್ಲಿರುವ ಬ್ಯಾಕ್ಟೀರಿಯಾ ಈಗಿನ ಮೀನುಗಳಿಗಷ್ಟೇ ಸಾಕು. ಆರು ವಾರ ಕಾಯಿರಿ. ಬ್ಯಾಟರಿ ಏರ್‌ಪಂಪ್ ಒಂದು ಮೊದಲೇ ತಂದಿಡಿ, ಮಳೆಯ ಮೊದಲ ಗಾಳಿಗೇ ಕರೆಂಟು ಹೋಗುತ್ತದೆ.

ಮೊಗ್ರಾಲ್ ಕರೆ (ಕುಂಬಳೆ)

ಉಪಕಾರ ಎಲ್ಲರಿಗೂ. ಈ ಆದಿತ್ಯವಾರವೇ ಮೊದಲ ಕಾಲು ಭಾಗ ತೆಗೆಯುತ್ತೇನೆ. ನೀರು ತುಂಬಿಸಿದ ಮೇಲೆ ಬಿಳಿ ಮಸುಕು ಎಷ್ಟು ದಿನ ಇರಬಹುದು?

ಬೇಕಲದ ಉಪ್ಪುನೀರು

ಸರಿಯಾಗಿ ತೊಳೆದಿದ್ದರೆ ಒಂದೆರಡು ದಿನ, ಸಂಪಿನಲ್ಲಿ ಫಿಲ್ಟರ್ ಸಾಕ್ಸ್ ಹಾಕಿದರೆ ಇನ್ನೂ ಬೇಗ. ಸಾಕ್ಸ್ ದಿನಕ್ಕೊಮ್ಮೆ ತೊಳೆಯಿರಿ. ಮೂರನೇ ದಿನವೂ ಹಾಲಿನ ಹಾಗೇ ಇದ್ದು, ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅದು ಹೊಯ್ಗೆಯ ಪುಡಿ ಅಲ್ಲ, ನೀರಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಿದ್ದು. ಆಗ ಏರ್‌ಪಂಪ್ ಹಾಕಿ, ಆಹಾರ ನಿಲ್ಲಿಸಿ, ಅಮೋನಿಯ ನೋಡಿ. ಎರಡು ಮೂರು ವಾರಕ್ಕೆ ಹೊಯ್ಗೆಯ ಮೇಲೆ ಕಂದು ಪಾಚಿ ಬರುತ್ತದೆ. ಅದು ಡಯಾಟಮ್, ತಾನಾಗಿಯೇ ಇಳಿಯುತ್ತದೆ, ಅದಕ್ಕೆ ಹೊಯ್ಗೆ ಕದಡಲು ಹೋಗಬೇಡಿ. ಒಂದು ತಿಂಗಳ ಮೇಲೂ ಪಾಚಿ ಹಸಿರಾಗಿ ಬಲಿಯುತ್ತಾ ಇದ್ದರೆ ಫಾಸ್ಫೇಟ್ ಅಳೆಯಿರಿ. ಹಳೆಯ ಅರಗೊನೈಟ್ ಹಿಡಿದಿಟ್ಟ ಫಾಸ್ಫೇಟನ್ನು ಹೊಸ ನೀರಿಗೆ ನಿಧಾನವಾಗಿ ಬಿಡುತ್ತದೆ, ತೊಳೆದರೂ ಇದೊಂದು ಪೂರ್ತಿ ಹೋಗುವುದಿಲ್ಲ. 0.1 ಪಿಪಿಎಂ ದಾಟಿದ್ದರೆ ಸಂಪಿನಲ್ಲಿ ಫಾಸ್ಫೇಟ್ ಹೀರುವ ಜಿಎಫ್‌ಒ ಸ್ವಲ್ಪ ಸ್ವಲ್ಪವೇ ಹಾಕಿ ಇಳಿಸಿ.