ಶುಗರ್ ಮಾತ್ರೆ ಜೊತೆ ಹಾಗಲಕಾಯಿ ರಸ, ಮೆಂತ್ಯದ ನೀರು: ಅಮ್ಮ ಶುರು ಮಾಡಿದ್ದಾರೆ, ಸರೀನಾ?

ಹಿತ್ತಲಬಾಗಿಲು:
ಅಮ್ಮನಿಗೆ 58 ವರ್ಷ. ಈ ಸಲ ಎಚ್‌ಬಿಎ1ಸಿ 8.2 ಬಂದಿದೆ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ ಅದು). ಮೊದಲಿನಿಂದ ಮೆಟ್‌ಫಾರ್ಮಿನ್ ಇತ್ತು, ಈಗ ಡಾಕ್ಟರ್ ಗ್ಲಿಮೆಪಿರೈಡ್ ಸೇರಿಸಿದ್ದಾರೆ. ಅಮ್ಮನಿಗೆ ಮಾತ್ರೆ ಜಾಸ್ತಿ ಆಯ್ತು ಅಂತ ಬೇಜಾರು. ಅದಕ್ಕೆ ನಮ್ಮ ಸೋದರಮಾವನ ಮಾತು ಕೇಳಿಕೊಂಡು ಬೆಳಿಗ್ಗೆ ಎದ್ದ ತಕ್ಷಣ ಹಾಗಲಕಾಯಿ ರಸ, ರಾತ್ರಿ ನೆನೆಸಿಟ್ಟ ಮೆಂತ್ಯದ ನೀರು, ಅದರ ಮೇಲೆ ಯಾರೋ ಕೊಟ್ಟ ಚೂರ್ಣ, ಎಲ್ಲ ಒಟ್ಟಿಗೆ ಶುರು ಮಾಡಿದ್ದಾರೆ. ಸಕ್ಕರೆ ಬಿಟ್ಟಿದ್ದಾರೆ, ಆದರೆ ಕಾಫಿಗೆ ಬೆಲ್ಲ, ಬಿಸಿನೀರಿಗೆ ಜೇನುತುಪ್ಪ. ಕೇಳಿದರೆ "ಇದೆಲ್ಲ ಆಯುರ್ವೇದ, ಏನೂ ಆಗಲ್ಲ ಸುಮ್ನಿರು" ಅಂತಾರೆ.

ಮೊನ್ನೆ ತಿಂಡಿ ತಡವಾಯಿತು. ಮೈಯೆಲ್ಲ ಬೆವರಿ ಕೈ ನಡುಗಿತಂತೆ. ಪಿತ್ತ ಅಂದುಕೊಂಡು ಮಲಗಿಬಿಟ್ಟಿದ್ದಾರೆ. ಮಾವ ಈಗ ಮಾತ್ರೆಯನ್ನೇ ನಿಲ್ಲಿಸು ಅಂತಿದ್ದಾರೆ. ನಾನು ಆಯುರ್ವೇದದ ವಿರೋಧಿ ಅಲ್ಲ. ಊಟ, ದಿನಚರಿ ವಿಷಯದಲ್ಲಿ ಅದರಿಂದ ನಿಜವಾಗಿ ಏನು ತೆಗೆದುಕೊಳ್ಳಬಹುದು, ಏನು ಬಿಡಬೇಕು, ಗೊತ್ತಿದ್ದವರು ಹೇಳಿ.

ಸಪ್ಪೆಕಾಫಿ:
ಊಟದ ವಿಷಯ ಆಮೇಲೆ. ಮೊದಲು ಆ ಬೆವರು, ನಡುಕ. ಅದು ಪಿತ್ತಕ್ಕಿಂತ ಶುಗರ್ ಇಳಿದು ಆಗಿರುವ ಸಾಧ್ಯತೆಯೇ ಜಾಸ್ತಿ. ಗ್ಲಿಮೆಪಿರೈಡ್ ನೀವು ತಿಂಡಿ ತಿಂದಿದ್ದೀರಾ ಇಲ್ಲವಾ ಅಂತ ನೋಡುವುದಿಲ್ಲ, ಮೇದೋಜೀರಕದಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಹಾಗಲಕಾಯಿಯೂ ಸಕ್ಕರೆ ಇಳಿಸುವ ಕಡೆಗೇ ತಳ್ಳುತ್ತದೆ. ಎರಡೂ ಸೇರಿ, ತಿಂಡಿಯೂ ತಡವಾದರೆ ಇನ್ನೇನಾಗುತ್ತದೆ? ಮೆಟ್‌ಫಾರ್ಮಿನ್ ಒಂದೇ ಇದ್ದಾಗ ಹೀಗಾಗುವುದು ಕಡಿಮೆ.

ಇನ್ನೊಮ್ಮೆ ಆದರೆ ಶುಗರ್ ನೋಡುವ ಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಸುಮಾರು 15 ಗ್ರಾಂ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಮೀಟರ್ ಕೈಗೆ ಸಿಗದಿದ್ದರೆ ಹುಡುಕುತ್ತಾ ಕೂರಬೇಡಿ, ಸಕ್ಕರೆ ಕೊಟ್ಟುಬಿಡಿ. ಪ್ರಜ್ಞೆ ತಪ್ಪಿದ್ದರೆ ಮಾತ್ರ ಬಾಯಿಗೆ ಏನೂ ಹಾಕಬಾರದು, ಸೀದಾ ಆಸ್ಪತ್ರೆ. ಮೊನ್ನೆ ಆಗಿದ್ದನ್ನು ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ಹೇಳಿ. ರಸ, ಚೂರ್ಣ ಎಲ್ಲ ಕುಡಿಯುತ್ತಿರುವುದನ್ನೂ ಹೇಳಿ, ಅದನ್ನೇ ಎಲ್ಲರೂ ಮುಚ್ಚಿಡುವುದು.

ಬೆಲ್ಲದ ಬಗ್ಗೆ: ಸಕ್ಕರೆಯಲ್ಲಿ ಇರುವುದೂ ಸುಕ್ರೋಸ್, ಬೆಲ್ಲದಲ್ಲಿ ಹೆಚ್ಚಿನ ಪಾಲು ಅದೇ. ಮೀಟರಿಗೆ ಬೆಲ್ಲದ ಮೇಲೆ ಭಕ್ತಿ ಇಲ್ಲ.

ಕಷಾಯಪೆಟ್ಟಿಗೆ:
ನಾನು ಬಿಎಎಂಎಸ್ (ಆಯುರ್ವೇದ ವೈದ್ಯ ಪದವಿ) ಓದಿ ಪ್ರಾಕ್ಟೀಸ್ ಮಾಡುತ್ತಿರುವವನು. ಮೇಲಿನವರು ಹೇಳಿದ್ದು ಸರಿ, ಮೊದಲು ಅದನ್ನು ಮಾಡಿ.

ಈಗ "ಇದೆಲ್ಲ ಆಯುರ್ವೇದ" ಅನ್ನುವ ಮಾತಿಗೆ ಬರೋಣ. ಆಯುರ್ವೇದದ ಹಳೆಯ ಗ್ರಂಥ ಚರಕ ಸಂಹಿತೆಯಲ್ಲಿ ಪ್ರಮೇಹ (ಮೂತ್ರ ಕೆಟ್ಟು ಹೆಚ್ಚಾಗಿ ಹೋಗುವ ಕಾಯಿಲೆಗಳ ಗುಂಪು) 20 ಬಗೆ, ಮಧುಮೇಹ ಅದರಲ್ಲಿ ಒಂದು. ಯಾಕೆ ಬರುತ್ತದೆ ಅಂತ ಹೇಳುವಾಗ ಅಲ್ಲಿ ಕೊಡುವ ಪಟ್ಟಿ ನೋಡಿದರೆ ನಗು ಬರುತ್ತದೆ, ನಮ್ಮನ್ನೇ ನೋಡಿ ಬರೆದ ಹಾಗಿದೆ: ಸುಖವಾಗಿ ಕೂತಿರುವುದು, ಅತಿಯಾಗಿ ಮಲಗುವುದು, ಮೊಸರು, ಹಾಲು, ಹೊಸ ಧಾನ್ಯ, ಬೆಲ್ಲದಿಂದ ಮಾಡಿದ ತಿನಿಸು. ಹೌದು, ಬೆಲ್ಲ ಕಾರಣಗಳ ಪಟ್ಟಿಯಲ್ಲೇ ಇದೆ! ಜೇನನ್ನು ಪ್ರಮೇಹದಲ್ಲಿ ಬಳಸಲು ಹೇಳಿರುವುದು ನಿಜ. ಆದರೆ ಅದರಿಂದ ಶುಗರ್ ಏರುವುದು ಮೀಟರಿನಲ್ಲಿ ಕಾಣುತ್ತದೆ. ಅದೂ ಅಲ್ಲದೆ ಜೇನು ಬಿಸಿ ಮಾಡಬಾರದು, ಬಿಸಿಯ ಜೊತೆ ಸೇರಿಸಬಾರದು ಅಂತ ಅದೇ ಚರಕ ಹೇಳುತ್ತಾನೆ. ಹಾಗಾಗಿ ಅಮ್ಮನ ಬೆಳಗಿನ ಬಿಸಿನೀರು, ಜೇನು ಯಾವ ಲೆಕ್ಕದಲ್ಲೂ ನಿಲ್ಲುವುದಿಲ್ಲ.

ಹಾಗಾದರೆ ಏನು ತಿನ್ನಬೇಕು? ಜವೆಗೋಧಿ, ಅಂದರೆ ಬಾರ್ಲಿ, ಪ್ರಮೇಹಕ್ಕೆ ಮುಖ್ಯ ಆಹಾರ. ಅದರಲ್ಲಿ ಕರಗುವ ನಾರು ಜಾಸ್ತಿ, ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ. ಮೆಂತ್ಯದ್ದೂ ಅದೇ ಕಥೆ, ಆದ್ದರಿಂದ ಬರೀ ನೀರು ಕುಡಿದು ಕಾಳು ಚೆಲ್ಲಿದರೆ ನಾರೆಲ್ಲ ಕಸದ ಬುಟ್ಟಿಗೆ. ಹೆಸರುಕಾಳು, ಹಾಗಲ, ಸೊಪ್ಪು ಊಟದಲ್ಲೇ ಇರಲಿ. ಪಲ್ಯ ಮಾಡಿದ ಹಾಗಲಕಾಯಿಗೂ ಖಾಲಿ ಹೊಟ್ಟೆಯ ಲೋಟ ರಸಕ್ಕೂ ತುಂಬಾ ವ್ಯತ್ಯಾಸ. ಬಾರ್ಲಿ ಅನ್ನದ ಬದಲಿಗೆ ಬರಬೇಕು. ಅನ್ನವೂ ಅಷ್ಟೇ ಇದ್ದು ಮೇಲೊಂದು ಬಟ್ಟಲು ಬಾರ್ಲಿ ಗಂಜಿ ಆದರೆ ಏನು ಪ್ರಯೋಜನ ಹೇಳಿ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಗ್ರಂಥದಲ್ಲಿ ಪ್ರಮೇಹದ ರೋಗಿಗಳನ್ನು ಎರಡು ಮಾಡುತ್ತಾರೆ: ದಪ್ಪಗೆ ಗಟ್ಟಿಯಾಗಿರುವವರು, ಸಣ್ಣಗೆ ಬಲ ಇಲ್ಲದವರು. ಮೊದಲನೆಯವರಿಗೆ ಕರಗಿಸುವ ಚಿಕಿತ್ಸೆ, ಎರಡನೆಯವರಿಗೆ ಪೋಷಣೆ. ಒಂದೇ ಪಥ್ಯ ಎಲ್ಲರಿಗೂ ಅಲ್ಲ. ನಿಮ್ಮ ಅಮ್ಮ ಹೇಗಿದ್ದಾರೆ? ಕಾರಣ ಇಲ್ಲದೆ ತೂಕ ಇಳಿಯುತ್ತಿದ್ದರೆ ಉಪವಾಸ ಬೇಡ, ಡಾಕ್ಟರಿಗೂ ತಿಳಿಸಿ.

ಇನ್ನೊಬ್ಬ ಹಳೆಯ ಆಯುರ್ವೇದ ಗ್ರಂಥಕಾರ ಸುಶ್ರುತ ಇನ್ನೂ ಕಟ್ಟುನಿಟ್ಟು. ಬಡ ರೋಗಿ ಚಪ್ಪಲಿ, ಕೊಡೆ ಇಲ್ಲದೆ ನೂರು ಯೋಜನ, ಅಂದರೆ ನೂರಾರು ಮೈಲಿ, ನಡೆಯಲಿ, ಇಲ್ಲವೇ ಬಾವಿ ತೋಡಲಿ ಅಂತಾನೆ. ನಡಿಗೆ ಇಟ್ಟುಕೊಳ್ಳಿ, ಬರಿಗಾಲು ಬಿಟ್ಟುಬಿಡಿ. ಶುಗರ್ ಹಳೆಯದಾದರೆ ಪಾದಕ್ಕೆ ಸ್ಪರ್ಶ ಕಡಿಮೆಯಾಗುತ್ತದೆ, ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ, ಆ ಗಾಯ ಬೇಗ ಮಾಯುವುದೂ ಇಲ್ಲ.

ಆ ಚೂರ್ಣದ ಡಬ್ಬಿ ಮೇಲೆ ಏನೇನಿದೆ ಅಂತ ಬರೆದಿಲ್ಲದಿದ್ದರೆ ದಯವಿಟ್ಟು ನಿಲ್ಲಿಸಿ. ಇಂಥ ಪುಡಿಗಳಲ್ಲಿ ಸೀಸ, ಪಾದರಸ ಸಿಕ್ಕಿದ್ದಿದೆ. ಕೆಲವದರಲ್ಲಿ ಅಲೋಪತಿಯ ಶುಗರ್ ಮಾತ್ರೆಯನ್ನೇ ಪುಡಿ ಮಾಡಿ ಬೆರೆಸಿರುತ್ತಾರೆ. "ಅಬ್ಬಾ, ಎಷ್ಟು ಬೇಗ ಇಳಿಯಿತು" ಅನ್ನುವುದು ಅದಕ್ಕೇ.

ನಾಟಿಮದ್ದು:
ಎಲ್ಲರೂ ಹೆದರಿಸುವವರೇ. ನಮ್ಮ ದೊಡ್ಡಪ್ಪ ಮಾತ್ರೆ ಬಿಟ್ಟು ಮನೆಮದ್ದಿನಲ್ಲೇ ಆರಾಮಾಗಿದ್ದಾರೆ. ಆ ಮಾತ್ರೆಗಳಿಂದಲೇ ಕಿಡ್ನಿ ಹೋಗುವುದು.

ಸಪ್ಪೆಕಾಫಿ:
ನಿಮ್ಮ ದೊಡ್ಡಪ್ಪ ಚೆನ್ನಾಗಿರಲಿ. ಅವರ ಎಚ್‌ಬಿಎ1ಸಿ ಎಷ್ಟಿದೆ? ಆರಾಮ ಅನ್ನುವುದು ರಿಪೋರ್ಟ್ ಅಲ್ಲ. ಶುಗರ್ 200 ದಾಟಿದರೂ ಎಷ್ಟೋ ಜನರಿಗೆ ಏನೂ ಅನ್ನಿಸುವುದಿಲ್ಲ, ಈ ಕಾಯಿಲೆಯ ತೊಂದರೆಯೇ ಅದು. ಕಿಡ್ನಿ ಕೆಡಿಸುವುದು ವರ್ಷಗಟ್ಟಲೆ ಏರಿಯೇ ಇದ್ದ ಸಕ್ಕರೆ ಮತ್ತು ಬಿಪಿ. ಕಿಡ್ನಿ ಮೊದಲೇ ಕೆಟ್ಟಿದ್ದರೆ ಮೆಟ್‌ಫಾರ್ಮಿನ್ ಕಡಿಮೆ ಮಾಡುತ್ತಾರೆ ಅಥವಾ ನಿಲ್ಲಿಸುತ್ತಾರೆ, ಜನ ಅದನ್ನೇ ಉಲ್ಟಾ ಮಾಡಿ ಹೇಳುತ್ತಾರೆ.

ಟೈಪ್ 2 ಇರುವ ಕೆಲವರಿಗೆ ತೂಕ ಚೆನ್ನಾಗಿ ಇಳಿಸಿದ ಮೇಲೆ ಮಾತ್ರೆ ಬೇಡವಾಗುವುದುಂಟು, ಇಲ್ಲ ಅಂತ ಹೇಳುತ್ತಿಲ್ಲ. ಆದರೆ ರೀಡಿಂಗ್ ನೋಡಿಕೊಂಡು ಡಾಕ್ಟರ್ ಇಳಿಸಬೇಕು, ಮಾವ ಅಲ್ಲ. ಟೈಪ್ 1 (ದೇಹದಲ್ಲಿ ಇನ್ಸುಲಿನ್ನೇ ತಯಾರಾಗದ ಬಗೆ) ಇರುವವರು ಇದನ್ನು ಓದುತ್ತಿದ್ದರೆ ಇನ್ಸುಲಿನ್ ನಿಲ್ಲಿಸುವ ಮಾತೇ ಬೇಡ, ಪ್ರಾಣಕ್ಕೆ ಬರುತ್ತದೆ. ಅಂದಹಾಗೆ ಮಧುಮೇಹ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದನ್ನೇ ನಮ್ಮ ದೇಶದಲ್ಲಿ 1954ರ ಕಾನೂನು ತಡೆಯುತ್ತದೆ. ಆದರೂ ಮೊಬೈಲ್ ತೆಗೆದರೆ ಅದೇ.

ಹಿತ್ತಲಬಾಗಿಲು:
ಡಾಕ್ಟರಿಗೆ ಫೋನ್ ಮಾಡಿದೆ. ರಸ, ಚೂರ್ಣ ಎರಡೂ ನಿಲ್ಲಿಸಿ ಅಂದರು, ಗ್ಲಿಮೆಪಿರೈಡ್ ಮಾತ್ರೆಯನ್ನು ತಿಂಡಿಗೆ ಸ್ವಲ್ಪ ಮುಂಚೆ ಮಾತ್ರ ತೆಗೆದುಕೊಳ್ಳಬೇಕಂತೆ, ತಿಂಡಿ ತಪ್ಪಿಸಬಾರದಂತೆ. ಚೂರ್ಣದ ಡಬ್ಬಿ ಮೇಲೆ ಒಂದು ದೇವರ ಫೋಟೋ ಬಿಟ್ಟರೆ ಏನೂ ಇಲ್ಲ. ಅಮ್ಮ ಸ್ವಲ್ಪ ದಪ್ಪವೇ, ಮಧ್ಯಾಹ್ನ ಉಂಡ ತಕ್ಷಣ ಮಲಗುತ್ತಾರೆ. ಬೆಲ್ಲ ಚರಕನ ಪಟ್ಟಿಯಲ್ಲಿದೆ ಅಂದಿದ್ದಕ್ಕೆ ಮಾತ್ರ ಸುಮ್ಮನಾದರು, ಡಾಕ್ಟರ್ ಹೇಳಿದಾಗ ಕೇಳಿರಲಿಲ್ಲ. ರಾಗಿ ಗಂಜಿ ಕುಡಿಯಬಹುದಾ?

ಕಷಾಯಪೆಟ್ಟಿಗೆ:
ನುಣ್ಣಗೆ ಬೀಸಿದ ಹಿಟ್ಟನ್ನು ತೆಳ್ಳಗೆ ಬೇಯಿಸಿದ ಗಂಜಿ ಬೇಗ ಜೀರ್ಣವಾಗುತ್ತದೆ, ಶುಗರ್ ಬೇಗ ಏರಬಹುದು. ಅದೇ ರಾಗಿ ರೊಟ್ಟಿ, ಜೊತೆಗೆ ಕಾಳು, ಸೊಪ್ಪು ಇದ್ದರೆ ಬೇರೆ ಥರ. ನನ್ನನ್ನು ನಂಬುವುದೂ ಬೇಡ. ಒಂದು ದಿನ ಗಂಜಿ, ಇನ್ನೊಂದು ದಿನ ರೊಟ್ಟಿ ಕೊಟ್ಟು, ತಿನ್ನುವ ಮುಂಚೆ ಒಮ್ಮೆ, ತಿನ್ನಲು ಶುರು ಮಾಡಿ 2 ಗಂಟೆಗೆ ಒಮ್ಮೆ ಮೀಟರ್‌ನಲ್ಲಿ ನೋಡಿ ಬರೆದಿಡಿ.

ಹಗಲು ನಿದ್ದೆ ಪ್ರಮೇಹದವರಿಗೆ ಬೇಡ ಅಂತಲೇ ಇದೆ. ಉಂಡ ಮೇಲೆ ಮನೆಯೊಳಗೇ ಆಗಲಿ, ಹತ್ತು ಹದಿನೈದು ನಿಮಿಷ ಓಡಾಡಲಿ. ರಾತ್ರಿ ಊಟ ಬೇಗ, ರಾತ್ರಿ ಮೊಸರು ಬೇಡ. ಎಚ್‌ಬಿಎ1ಸಿ ಸುಮಾರು 3 ತಿಂಗಳ ಸರಾಸರಿ ತೋರಿಸುವುದರಿಂದ ಮುಂದಿನ ವಾರವೇ ಮಾಡಿಸಿ "ಇಳಿದಿಲ್ಲ" ಅನ್ನಬೇಡಿ.

ಹಿತ್ತಲಬಾಗಿಲು:
ಸರಿ, ಗಂಜಿ ಮತ್ತು ರೊಟ್ಟಿ ಎರಡರ ರೀಡಿಂಗೂ ಇಲ್ಲೇ ಹಾಕುತ್ತೇನೆ. ಮಾವನಿಗೂ ಒಮ್ಮೆ ಚೆಕ್ ಮಾಡಿಸಬೇಕು, ಅವರು ಇವತ್ತಿನವರೆಗೂ ಮಾಡಿಸಿಯೇ ಇಲ್ಲ.