ಬ್ರಹ್ಮಾ ಅಂತ ತಂದ ಮರಿಗೆ ಒಂಟಿ ಜುಟ್ಟು, ಕಾಲೂ ಸೋಲುತ್ತಿದೆ

ಪ್ರಶ್ನೆ: ಬ್ರಹ್ಮಾ (ಕಾಲಿಗೆ ಪುಕ್ಕ ಇರೋ ದೊಡ್ಡ ಕೋಳಿ ತಳಿ) ಅಂತ ತಂದ ಮರಿಗಳಿಗೆ ಹತ್ತು ವಾರ. ಕಾಲ ತುಂಬ ಪುಕ್ಕ ಇದೆ, ಆದರೆ ಜುಟ್ಟು ಗರಗಸದ ಹಾಗೆ ನೆಟ್ಟಗಿದೆ. ಲೇಯರ್ ಮ್ಯಾಶ್ (ಮೊಟ್ಟೆ ಇಡೋ ಕೋಳಿಯ ಮೇವು) ಹಾಕುತ್ತಿದ್ದೇನೆ. ಒಂದು ಮರಿ ಬೆರಳು ಒಳಕ್ಕೆ ಮಡಚಿಕೊಂಡು ಕಾಲಿನ ಗಂಟಿನ ಮೇಲೆ ಕೂರುತ್ತೆ. ಇದು ಯಾವ ತಳಿ, ಏನು ಕೊಡಬೇಕು?

ಉತ್ತರ 1: ಜುಟ್ಟು ನೆಟ್ಟಗಿದ್ದರೆ ಶುದ್ಧ ಬ್ರಹ್ಮಾ ಅಲ್ಲ ಸರ್. ಬ್ರಹ್ಮಾಗೆ ತಲೆಗೆ ಅಂಟಿಕೊಂಡಂತೆ ಮೂರು ಸಾಲಿನ ಗಿಡ್ಡ ಜುಟ್ಟು, ಕಣ್ಣಿನ ಮೇಲೆ ಮುಂದಕ್ಕೆ ಚಾಚಿದ ಹುಬ್ಬು. ಪುಕ್ಕ ಒಂದನ್ನೇ ನೋಡಿ ನಿರ್ಧರಿಸಬೇಡಿ, ಮಿಶ್ರತಳಿ ಮರಿಗೂ ಅದು ಬರುತ್ತೆ. ಬೆರಳು ಎಣಿಸಿ. ಐದು ಬೆರಳಿದ್ದು ಗಲ್ಲದಲ್ಲಿ ಗಡ್ಡದಂತೆ ಪುಕ್ಕ ಇದ್ದರೆ ಫಾವರೋಲ್. ನಾಲ್ಕೇ ಇದ್ದು ಮೈ ಗುಂಡಗೆ, ಬಾಲದ ಬುಡ ಉಬ್ಬಿಕೊಂಡಿದ್ದರೆ ಕೊಚಿನ್. ಎತ್ತರದ ಕಪ್ಪು ಕೋಳಿ, ಬೂದು ಕಾಲಿನಲ್ಲಿ ಅಲ್ಲಲ್ಲಿ ಪುಕ್ಕ ಇದ್ದರೆ ಲ್ಯಾಂಗ್‌ಶಾನ್.

ಉತ್ತರ 2: ಲೇಯರ್ ಮ್ಯಾಶ್ ಇವತ್ತೇ ನಿಲ್ಲಿಸಿ. ಅದರಲ್ಲಿ ಕ್ಯಾಲ್ಸಿಯಂ 3.5ರಿಂದ 4 ಶೇಕಡಾ. ಬೆಳೆಯೋ ಮರಿಗೆ 1 ಶೇಕಡಾ ಸಾಕು. ಹೆಚ್ಚಾದದ್ದು ಮೂತ್ರಪಿಂಡ ಕೆಡಿಸುತ್ತೆ. 16–18 ಶೇಕಡಾ ಪ್ರೋಟೀನ್ ಇರೋ ಗ್ರೋವರ್ (ಬೆಳೆಯೋ ಮರಿಯ ಮೇವು) ಹಾಕಿ. ಈ ದೊಡ್ಡ ತಳಿಗಳು ತಡವಾಗಿ ಬಲಿಯುತ್ತವೆ, ಆರೇಳು ತಿಂಗಳಾದ ಮೇಲೇ ಮೊಟ್ಟೆ. ಮೊದಲ ಮೊಟ್ಟೆ ಕಂಡ ಮೇಲೆ ಲೇಯರ್‌ಗೆ ಬದಲಾಯಿಸಿದರೆ ತಡ ಏನೂ ಆಗಲ್ಲ. ಬೇಗ ದಪ್ಪ ಆಗಲಿ ಅಂತ ಬ್ರಾಯ್ಲರ್ ಫಿನಿಷರ್ (ಮಾಂಸದ ಕೋಳಿಗೆ ಕೊನೆಯ ಹಂತದಲ್ಲಿ ಕೊಡೋ ಮೇವು) ಕೊಟ್ಟರೆ ಮೈಭಾರ ಮುಂದೆ, ಮೂಳೆ ಹಿಂದೆ.

ಮಡಚಿದ ಬೆರಳಿಗೆ ವಿಟಮಿನ್ ಬಿ2 ಕೊರತೆ ಕಾರಣ ಇರಬಹುದು. ಬಿಸಿಲು ತಾಗಿದ ಹಳೇ ಮ್ಯಾಶ್‌ನಲ್ಲಿ ಬಿ2 ಹಾಳಾಗಿರುತ್ತೆ. ಕೋಳಿಗೆ ಸಿಗೋ ಬಿ-ಕಾಂಪ್ಲೆಕ್ಸ್ ದ್ರಾವಣ ಚೀಟಿಯಲ್ಲಿರೋ ಅಳತೆಗೆ ಕುಡಿಯೋ ನೀರಲ್ಲಿ ಕೊಡಿ, ದಿನಾ ಹೊಸದಾಗಿ ಕಲಸಿ. ಬೇಗ ಹಿಡಿದರೆ ಗುಣ ಆಗುತ್ತೆ, ನರ ಹೋದ ಮೇಲೆ ಇಲ್ಲ. ಆದರೆ ಹತ್ತು ವಾರ ಅಂದರೆ ಮ್ಯಾರೆಕ್ಸ್ ರೋಗದ (ಕೋಳಿಯ ನರಕ್ಕೆ ತಗಲೋ ವೈರಸ್ ರೋಗ) ವಯಸ್ಸೂ ಹೌದು: ಒಂದು ಕಾಲು ಮುಂದೆ, ಒಂದು ಹಿಂದೆ ಚಾಚಿ ಬಿದ್ದರೆ ವಿಟಮಿನ್‌ಗೆ ಕಾಯದೆ ಪಶುವೈದ್ಯರಿಗೆ ತೋರಿಸಿ. ಆ ಮರಿಯನ್ನು ಈಗಲೇ ಬೇರೆ ಇಡಿ.

ಪ್ರಶ್ನೆ: ದೊಡ್ಡ ಹುಂಜದ ಕಾಲಿನ ಚಿಪ್ಪು ಎದ್ದು ಸುಣ್ಣ ಮೆತ್ತಿದಂತಿದೆ. ಪುಕ್ಕ ಕೀಳಲಾ?

ಉತ್ತರ 2: ಬೇಡ, ಎಳೇ ಪುಕ್ಕದ ಬುಡದಲ್ಲಿ ರಕ್ತ ಇರುತ್ತೆ. ಚಿಪ್ಪು ಎದ್ದಿರೋದು ಕಾಲಿನ ನುಸಿಯಿಂದ. ಬೆಚ್ಚಗಿನ ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ, ಪುಕ್ಕ ಸರಿಸಿ ಚಿಪ್ಪಿನ ಸಂದಿಗೆ ವ್ಯಾಸಲೀನ್ ಒತ್ತಿ ಹಚ್ಚಿ. ದಿನ ಬಿಟ್ಟು ದಿನ, ಮೂರ್ನಾಲ್ಕು ವಾರ. ಉಳಿದ ಕೋಳಿಗಳ ಕಾಲು ನೋಡಿ, ಕೂರೋ ಅಡ್ಡಗೋಲನ್ನೂ ಉಜ್ಜಿ ತೊಳೆಯಿರಿ. ಗೋಲು ನೆಲದಿಂದ ಒಂದು ಅಡಿಗಿಂತ ಮೇಲಿರೋದು ಬೇಡ. ಇಷ್ಟು ಭಾರದ ಹುಂಜ ಎತ್ತರದಿಂದ ಹಾರಿದರೆ ಪಾದ ಬಾತು ಗಂಟಾಗುತ್ತೆ.