ಇಳಿಸಿದ ತೂಕ ಮತ್ತೆ ಏರ್ತಾ ಇದೆ, ಏನು ಮಾಡಲಿ?

ಪ್ರಶ್ನೆ (ಗಂಗಾವತಿಯಿಂದ, ವಯಸ್ಸು 41):
ಮೇಡಂ ನಮಸ್ಕಾರ. ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ ನಂದು. ದಿನವಿಡೀ ಕೂತೇ ಇರ್ತೀನಿ. ಎರಡು ವರ್ಷದ ಹಿಂದೆ 94 ಕಿಲೋ ಇದ್ದೆ. ಅನ್ನ ಪೂರ್ತಿ ಬಿಟ್ಟು ಬರೀ ಜೋಳದ ರೊಟ್ಟಿ, ಪಲ್ಯ ತಿಂದೆ. ಸಂಜೆ ಐದು ಕಿಲೋಮೀಟರ್ ನಡೆದೆ. ಎಂಟು ತಿಂಗಳಲ್ಲಿ 79ಕ್ಕೆ ಬಂದೆ. ಬೇಸಿಗೆ ಬಂತು, ನಡಿಗೆ ನಿಂತಿತು. ಆಮೇಲೆ ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ಮತ್ತೆ ಶುರುವಾಯ್ತು. ತೂಕದ ಮಷಿನ್ ಮಂಚದ ಕೆಳಗೆ ತಳ್ಳಿಬಿಟ್ಟೆ. ಮೊನ್ನೆ ಆಸ್ಪತ್ರೆಯಲ್ಲಿ ತೂಗಿದ್ರೆ 84. ನನಗೆ ಹಟ ಸಾಲದಾಯ್ತಾ? ಮತ್ತೆ ಅನ್ನ ಬಿಡಲಾ?

ಉತ್ತರ (ಆಹಾರ ತಜ್ಞೆ, ಬಳ್ಳಾರಿ):
ಸರ್, 94 ಇದ್ದವರು ಇವತ್ತು 84. ಇನ್ನೂ ಹತ್ತು ಕಿಲೋ ಕೆಳಗೇ ಇದ್ದೀರಿ. ಅದನ್ನು ಮೊದಲು ಲೆಕ್ಕಕ್ಕೆ ತಗೊಳ್ಳಿ.

ಇದು ಹಟದ ಮಾತಲ್ಲ. ತೂಕ ಇಳಿದರೆ ದೇಹಕ್ಕೆ ಬರಗಾಲ ಬಂತು ಅಂತಲೇ ಅನಿಸುತ್ತೆ. ಖರ್ಚು ಕಡಿಮೆ ಮಾಡುತ್ತೆ, ಹಸಿವು ಜಾಸ್ತಿ ಮಾಡುತ್ತೆ. ಇಳಿಸಿದ ಒಂದೊಂದು ಕಿಲೋಗೂ ದಿನಕ್ಕೆ ಸುಮಾರು 20ರಿಂದ 30 ಕ್ಯಾಲರಿ ಖರ್ಚು ಕಮ್ಮಿಯಾಗುತ್ತೆ. ನೀವು 15 ಕಿಲೋ ಇಳಿಸಿದ್ರಿ. ಅಂದ್ರೆ ದಿನಕ್ಕೆ 300 ಕ್ಯಾಲರಿಗೂ ಮೇಲೆ, ಹೆಚ್ಚುಕಮ್ಮಿ ಎರಡು ಬಿಸಿರೊಟ್ಟಿಯಷ್ಟು. 94 ಕಿಲೋ ಇದ್ದಾಗ ತಿಂದಷ್ಟೇ ಈಗಲೂ ತಿಂದ್ರೆ ಏರದೆ ಏನಾಗುತ್ತೆ ಹೇಳಿ? ಹಸಿವೂ ಬೇಗ ಮರೆಯಲ್ಲ. 2011ರಲ್ಲಿ ಆಸ್ಟ್ರೇಲಿಯಾದಲ್ಲಿ ತೂಕ ಇಳಿಸಿದ 50 ಜನರನ್ನು ನೋಡಿದ್ರು. ಒಂದು ವರ್ಷ ಕಳೆದ ಮೇಲೂ ಅವರ ಹಸಿವಿನ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ. ಅದಕ್ಕೇ ಹೇಳ್ತೀನಿ, ಇಳಿಸೋದು ಎಂಟು ತಿಂಗಳ ಕೆಲಸ, ಉಳಿಸಿಕೊಳ್ಳೋದು ಬೇರೆಯದೇ ಕೆಲಸ. ಮೊದಲನೆಯದಕ್ಕೆ ಮಾಡಿದ ಉಪಾಯ ಎರಡನೆಯದಕ್ಕೆ ಸಾಲಲ್ಲ.

ಅನ್ನ ಬಿಡಬೇಡಿ. ಭತ್ತದ ಕಣಜದಲ್ಲಿ ಕೂತು, ಮಿಲ್ಲಿನಲ್ಲಿ ಕೆಲಸ ಮಾಡ್ತಾ, ಜೀವನಪೂರ್ತಿ ಸೋನಾ ಮಸೂರಿ ಮುಟ್ಟಲ್ಲ ಅನ್ನೋದು ನಡೆಯೋ ಮಾತಾ? ಜೋಳಕ್ಕೂ ಅಕ್ಕಿಗೂ ಕ್ಯಾಲರಿಯಲ್ಲಿ ಅಂಥ ವ್ಯತ್ಯಾಸ ಇಲ್ಲ. 100 ಗ್ರಾಂಗೆ ಎರಡೂ 350ರ ಆಸುಪಾಸು. ಜೋಳದಲ್ಲಿ ನಾರು ಜಾಸ್ತಿ, ಸುಮಾರು 10 ಗ್ರಾಂ. ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಹಾಗಾಗಿ ರೊಟ್ಟಿ ಬೇಗ ಹೊಟ್ಟೆ ತುಂಬಿಸುತ್ತೆ, ಅಷ್ಟೇ. ಒಂದು ಹೊತ್ತು ರೊಟ್ಟಿ, ಒಂದು ಹೊತ್ತು ಅಳತೆಯ ಅನ್ನ. ಅಳತೆ ಅಂದ್ರೆ ದಿನಾ ಒಂದೇ ಬಟ್ಟಲು, ಎರಡನೇ ಸಲ ಬಡಿಸಿಕೊಳ್ಳದೆ. ಜೊತೆಗೆ ಕಾಳಿನ ಪಲ್ಯ, ಮೊಸರು. ಮಿರ್ಚಿ ವಾರಕ್ಕೊಂದು ದಿನ, ಕೂತು ರುಚಿ ನೋಡಿಕೊಂಡು ತಿನ್ನಿ. ಗವಿಮಠದ ಜಾತ್ರೆಯ ದಾಸೋಹದಲ್ಲಿ ರೊಟ್ಟಿ, ಮಿರ್ಚಿ ಬಡಿಸಿದ್ರೆ ಪ್ರಸಾದ ಅಂತ ಕೈ ಮುಗಿದು ಉಣ್ಣಿ. ರಾತ್ರಿ ಊಟಕ್ಕೆ ಮತ್ತೆ ನಿಮ್ಮ ಅಳತೆಗೆ ಬಂದ್ರೆ ಆಯ್ತು.

ಮಂಚದ ಕೆಳಗಿನ ಮಷಿನ್ ಇವತ್ತೇ ಹೊರಗೆ ತೆಗೀರಿ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಇದೇ. 79 ಇದ್ದದ್ದು 81 ಆದ ದಿನವೇ ನೋಡಿದ್ದಿದ್ರೆ ಎರಡು ಕಿಲೋ ಇಳಿಸೋದು ಒಂದು ತಿಂಗಳ ಕೆಲಸವಾಗ್ತಿತ್ತು. ಅಮೆರಿಕದಲ್ಲಿ 1994ರಿಂದ ಒಂದು ದಾಖಲೆ ಇಡ್ತಾ ಇದ್ದಾರೆ. 13.6 ಕಿಲೋಗಿಂತ ಜಾಸ್ತಿ ಇಳಿಸಿ, ವರ್ಷಕ್ಕೂ ಮೇಲೆ ಉಳಿಸಿಕೊಂಡವರದ್ದು. ಅವರಲ್ಲಿ ಬಹಳಷ್ಟು ಜನ ವಾರಕ್ಕೊಮ್ಮೆಯಾದರೂ ತೂಗಿಕೊಳ್ತಾರೆ, ದಿನಕ್ಕೆ ಸುಮಾರು ಒಂದು ಗಂಟೆ ಮೈ ದಣಿಸ್ತಾರೆ. ನೀವು ಸೋಮವಾರ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೂಗಿ, ಕ್ಯಾಲೆಂಡರಿನಲ್ಲೇ ಬರೀರಿ. ಲೆಕ್ಕ ಬರೆಯೋ ಕೈ ನಿಮ್ಮದು, ಇದೂ ಒಂದು ಖಾತೆ.

ನಡಿಗೆಗೆ ಬೇಸಿಗೆಯೇ ಅಡ್ಡಿ. ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟೋ ಸೀಮೆ ನಮ್ಮದು. ಸಂಜೆ ಆರಕ್ಕೂ ರಸ್ತೆ ಕಾವು ಬಿಟ್ಟಿರಲ್ಲ. ಆ ಎರಡು ತಿಂಗಳು ಬೆಳಿಗ್ಗೆ ಐದೂವರೆಗೆ ಹೊರಡಿ. ಆಗದಿದ್ರೆ ಮೂರು ಹೊತ್ತು ಊಟ ಆದಮೇಲೆ ಹದಿನೈದು ನಿಮಿಷ ಮಿಲ್ಲಿನ ಶೆಡ್ಡಿನ ನೆರಳಲ್ಲೋ ಮನೆ ಪಡಸಾಲೆಯಲ್ಲೋ ಓಡಾಡಿ. ವಾರಕ್ಕೆರಡು ದಿನ ಬಸ್ಕಿ ಹೊಡೀರಿ, ಗೋಡೆಗೆ ಕೈ ಊರಿ ದಂಡ ಹಾಕಿ. ಇಳಿದ ತೂಕದಲ್ಲಿ ಸುಮಾರು ಕಾಲು ಪಾಲು ಕೊಬ್ಬಲ್ಲ, ಅದರಲ್ಲಿ ಮಾಂಸಖಂಡವೂ ಸೇರಿರುತ್ತೆ. ಅದನ್ನು ಮತ್ತೆ ಕಟ್ಟಬೇಕಲ್ವಾ? ಅಂಜನಾದ್ರಿ ನಿಮಗೆ ಹತ್ತಿರವೇ. ಆದ್ರೆ ಶನಿವಾರ ಒಂದು ದಿನ 575 ಮೆಟ್ಟಿಲು ಹತ್ತಿ ವಾರದ್ದೆಲ್ಲ ಮುಗೀತು ಅನ್ಕೋಬೇಡಿ.

ಪ್ರಶ್ನೆ (ರಾಯಚೂರಿನಿಂದ):
ಅಕ್ಕಾ, ಮದುವೆ ಊಟ ಮಾಡಿ ಬಂದ ಮರುದಿನ ಒಂದೂವರೆ ಕಿಲೋ ಜಾಸ್ತಿ ತೋರಿಸ್ತು. ಭಯವಾಗಿ ಎರಡು ದಿನ ಉಪವಾಸ ಇದ್ದೆ.

ಉತ್ತರ:
ಅಯ್ಯೋ, ಉಪವಾಸ ಬೇಡಮ್ಮ. ಅದು ನೀರು. ಉಪ್ಪು, ಸಿಹಿ, ಅನ್ನ ಜಾಸ್ತಿಯಾದಾಗ ದೇಹ ನೀರು ಹಿಡಿದಿಟ್ಟುಕೊಳ್ಳುತ್ತೆ. ಒಂದೂವರೆ ಕಿಲೋ ಕೊಬ್ಬು ಬೆಳೀಬೇಕು ಅಂದ್ರೆ ಹತ್ತು ಸಾವಿರಕ್ಕೂ ಮೇಲೆ ಕ್ಯಾಲರಿ ಹೆಚ್ಚುವರಿ ತಿನ್ನಬೇಕು. ಒಂದು ಊಟದಲ್ಲಿ ಅದು ಆಗೋ ಕೆಲಸವೇ ಅಲ್ಲ. ಮೂರು-ನಾಲ್ಕು ದಿನ ಮಾಮೂಲಿ ಊಟ ಮಾಡಿ, ತಾನಾಗೇ ಇಳಿಯುತ್ತೆ.

ಪ್ರಶ್ನೆ (ಬಳ್ಳಾರಿಯಿಂದ):
ಮೇಡಂ, ಈಗ ತೂಕ ಇಳಿಸೋ ಇಂಜೆಕ್ಷನ್ ಬಂದಿದೆಯಲ್ಲ, ಆರು ತಿಂಗಳು ತಗೊಂಡು ಬಿಡಬಹುದಾ?

ಉತ್ತರ:
ಸೆಮಾಗ್ಲುಟೈಡ್ ಬಗ್ಗೆ ಕೇಳ್ತಾ ಇದ್ದೀರಿ ಅನ್ಕೊಳ್ತೀನಿ. ಔಷಧ ಒಳ್ಳೆಯದೇ, ಬೇಕಾದವರಿಗೆ ಡಾಕ್ಟರೇ ಬರೆದು ಕೊಡ್ತಾರೆ. ಆದ್ರೆ ಅದನ್ನು ನಿಲ್ಲಿಸಿದವರನ್ನು ಒಂದು ವರ್ಷ ಗಮನಿಸಿದಾಗ, ಇಳಿದಿದ್ದ ತೂಕದಲ್ಲಿ ಮೂರರಲ್ಲಿ ಎರಡು ಪಾಲು ವಾಪಸ್ ಬಂದಿತ್ತು. ಆರು ತಿಂಗಳ ಲೆಕ್ಕ ಇಟ್ಟುಕೊಂಡು ಶುರುಮಾಡಬೇಡಿ. ಶುಗರ್ ಮಾತ್ರೆ ತಗೊಳ್ತಾ ಇದ್ರೆ ಅದನ್ನೂ ಡಾಕ್ಟರಿಗೆ ಹೇಳಿ.

ಪ್ರಶ್ನೆ (ಸಿಂಧನೂರಿನಿಂದ):
ಮೇಡಂ, ನಮ್ಮ ಮನೆಯವರು ಹನ್ನೊಂದು ಕಿಲೋ ಇಳಿಸಿದ್ದಾರೆ. ಅವರಿಗೆ ಬೇರೆ ಅಡುಗೆ, ಮಕ್ಕಳಿಗೆ ಬೇರೆ, ಅತ್ತೆಗೆ ಬೇರೆ. ನನಗೆ ಸಾಕಾಗಿ ಹೋಗಿದೆ.

ಉತ್ತರ:
ಅಕ್ಕಾ, ನೀವು ಇದನ್ನು ಬರೆದಿದ್ದು ತುಂಬಾ ಒಳ್ಳೆಯದಾಯ್ತು. ಮೂರು ಅಡುಗೆ ಮಾಡೋ ಮನೆಯಲ್ಲಿ ಯಾವ ಪಥ್ಯವೂ ವರ್ಷ ದಾಟಲ್ಲ, ಯಾಕಂದ್ರೆ ಮಾಡೋರು ಮೊದಲು ದಣೀತಾರೆ. ಇವತ್ತಿಂದ ಒಂದೇ ಅಡುಗೆ. ಪುಂಡಿಪಲ್ಯ, ಮಡಿಕೆಕಾಳು, ಹೆಸರುಕಾಳು, ರೊಟ್ಟಿ, ಮಜ್ಜಿಗೆ ಇವೆಲ್ಲ ಅತ್ತೆಯವರಿಗೆ ಮೊದಲಿಂದ ಗೊತ್ತಿರೋ ಊಟವೇ. ಮಕ್ಕಳ ರೊಟ್ಟಿಗೆ ತುಪ್ಪ, ಶೇಂಗಾ ಚಟ್ನಿ ಮೇಲಿಂದ ಹಾಕಿ. ಯಜಮಾನರ ತಟ್ಟೆಗೆ ಪಲ್ಯ ಇನ್ನೊಂದು ಸೌಟು ಜಾಸ್ತಿ.

ಒಂದೇ ಒಂದು ಲೆಕ್ಕ ಇಡಿ. ಎಣ್ಣೆ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಿಂದ ತಾರೀಖು ಬರೀರಿ. ಒಬ್ಬರಿಗೆ ದಿನಕ್ಕೆ 25 ಗ್ರಾಂ ಅಂದ್ರೆ ನಾಲ್ಕು ಜನಕ್ಕೆ 100 ಗ್ರಾಂ. ಒಂದು ಲೀಟರ್ ಅಂದ್ರೆ ಸುಮಾರು 910 ಗ್ರಾಂ. ನಾಲ್ಕು ಜನರ ಮನೆಯಲ್ಲಿ ಅದು ಒಂಬತ್ತು ದಿನ ಬರಬೇಕು. ಆರೇ ದಿನಕ್ಕೆ ಮುಗಿದ್ರೆ ಒಗ್ಗರಣೆ ಸೌಟು ಚಿಕ್ಕದು ಮಾಡಿ. ಮತ್ತೆ, ಆ ಮನೆಯಲ್ಲಿ ನೀವೂ ಒಬ್ಬರು. ಎಲ್ಲರದ್ದು ಮುಗಿದ ಮೇಲೆ ಉಳಿದದ್ದು ತಿನ್ನೋ ಬದಲು ಜೊತೆಗೇ ಕೂತು ಉಣ್ಣಿ.

ಗಂಗಾವತಿಯವರು, ಮತ್ತೆ:
ಮೇಡಂ, ಮಷಿನ್ ಹೊರಗೆ ತೆಗೆದೆ. ಬರಿಹೊಟ್ಟೆಯಲ್ಲಿ 83.6. ಎಣ್ಣೆಯದ್ದು ಓದಿ ಮನೆಯವಳು ನಮ್ಮ ಪ್ಯಾಕೆಟ್ ಮೇಲೂ ತಾರೀಖು ಬರೆದಿದ್ದಾಳೆ. ನಾವು ಐದು ಜನ, ಎಷ್ಟು ದಿನ ಬರಬೇಕು?

ಉತ್ತರ:
ಏಳು ದಿನ ಬರಬೇಕು ಸರ್. ಮುಂದಿನ ಸೋಮವಾರ ಎರಡೂ ಅಂಕಿ ಇಲ್ಲೇ ಹಾಕಿ, ನಾನು ನೋಡ್ತೀನಿ.